ಸೈಕಲ್ ಹ್ಯಾಂಡಲಿನ ವಿಮಾನ

ಅವರ ಎಡಗಾಲಿನ ಹೆಬ್ಬೆರಳು ಕೈಬೆರಳಿನ ಹಾಗೆ ಕೆಲಸ ಮಾಡುತ್ತಿತ್ತು. ಚಕ್ರದ ಬಾಗು ತೆಗೆಯಲು ನೆಲದಲ್ಲಿ ಕೂತರೆ ರಿಮ್ಮನ್ನು ಆ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಕಡ್ಡಿ ಬಿಗಿಯುತ್ತಿದ್ದರು. ಸ್ಪ್ಯಾನರು ದೂರ ಉರುಳಿದ್ದರೆ ಏಳುತ್ತಿರಲಿಲ್ಲ, ಕಾಲು ಚಾಚಿ ಬೆರಳಲ್ಲೇ ಎತ್ತಿಕೊಳ್ಳುತ್ತಿದ್ದರು. ಪುತ್ತೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ಇಳಿದರೆ ಅವರ ಸೈಕಲ್ ಶಾಪು. ನಾವೆಲ್ಲ ಅವರನ್ನು ಯಜಮಾನರೇ ಎನ್ನುತ್ತಿದ್ದೆವು. ಯಜಮಾನಿಕೆಗೆ ಅಲ್ಲಿ ಇದ್ದದ್ದು ಬಾಡಿಗೆಯ ಆರು ಸೈಕಲುಗಳು ಮಾತ್ರ.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ತನ್ನ ಕೆಲಸದಲ್ಲಿ ತಪ್ಪಾದರೆ ಅದನ್ನು ನಾಲ್ಕು ಜನರ ಎದುರು ಗಂಟಲು ದೊಡ್ಡದು ಮಾಡಿ ಹೇಳುವುದು. ಒಮ್ಮೆ ಅಂಚೆಯವರೊಬ್ಬರು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಿದ್ದು, ಮೊಣಕಾಲು ತರಚಿಕೊಂಡು ಬಂದರು. ಪಾಪ, ತಾನೇ ಜೋರಾಗಿ ಬಿಟ್ಟಿರಬೇಕು ಎಂದುಕೊಂಡಿದ್ದರು ಅವರು. ಯಜಮಾನರು ಸೈಕಲನ್ನು ತಿರುಗಿಸಿ ನೋಡಿ, "ನಿಮ್ಮದೆಂತ ತಪ್ಪಿಲ್ಲ ಮಾರಾಯ್ರೆ. ನಟ್ಟು ಬಿಗಿ ಮಾಡದೆ ಬಿಟ್ಟದ್ದು ನಾನು. ಬೈಯುದಾದ್ರೆ ಇಲ್ಲೇ ಬೈದು ಹೋಗಿ" ಎಂದರು. ಅಂಚೆಯವರು ಬೈಯದೆ ಸೈಕಲ್ ಹತ್ತಿ ಹೋದರು. ನನಗೆ ನಗು ಬಂತು. ಯಾರೂ ಕೇಳದಿದ್ದಾಗ ತಪ್ಪು ಒಪ್ಪಿಕೊಳ್ಳುವವನು ಮಂಕನೇ ಇರಬೇಕು ಎಂದು ಇಪ್ಪತ್ತರ ವಯಸ್ಸಿನಲ್ಲಿ ನಾನು ನಂಬಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬೆಟ್ಟಂಪಾಡಿಯಿಂದ ಪುತ್ತೂರಿಗೆ ಬಂದು ಬಿ.ಎಸ್ಸಿ. ಓದುತ್ತಿದ್ದ ನನಗೆ ವಾಯುಪಡೆಯ ಪೈಲಟ್ ಆಯ್ಕೆಗೆ ಮೈಸೂರಿಗೆ ಬರಲು ಕಾಗದ ಬಂತು. ನಮ್ಮೂರ ಶಾಲೆಯ ಹೆಡ್ಮಾಸ್ಟರಾಗಿದ್ದ ಅಪ್ಪ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಊರೆಲ್ಲ ತಿರುಗಿದರು. ನನಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಅಲ್ಲಿ ಯಂತ್ರದ ಎದುರು ಕೂರಿಸಿ ಕೈಕಾಲಿನ ಹೊಂದಾಣಿಕೆ ನೋಡುತ್ತಾರೆ, ಅದರಲ್ಲಿ ಬಿದ್ದವನು ಜೀವಮಾನದಲ್ಲಿ ಮತ್ತೆ ಆ ಪರೀಕ್ಷೆಗೆ ಕೂರುವ ಹಾಗಿಲ್ಲ. ಒಂದೇ ಸಲ, ಅಷ್ಟೇ. ನಾನೋ ಅಲ್ಲಿಯವರೆಗೆ ಸೈಕಲ್ ಬಿಟ್ಟರೆ ಬೇರೆ ಯಾವ ಯಂತ್ರವನ್ನೂ ಮುಟ್ಟಿದವನಲ್ಲ.

ಶಾಪಿನಲ್ಲಿ ಇದನ್ನು ಹೇಳಿಕೊಂಡಾಗ ಯಜಮಾನರು ಗಾಳಿ ಹಾಕುವುದನ್ನು ನಿಲ್ಲಿಸಿದರು. "ಆ ಯಂತ್ರ ನೋಡಿದವರು ಯಾರಾದ್ರೂ ಉಂಟಾ?" ಎಂದು ಕೇಳಿದರು. ಉಂಟು, ಪಂಜ ಎಂಬ ಊರಿನ ಒಬ್ಬರು ಕೆಲವು ವರ್ಷಗಳ ಹಿಂದೆ ಹೋಗಿ ಬಿದ್ದು ಬಂದಿದ್ದರು. ಅವರನ್ನು ಕರೆಸಿ, ಕಾಫಿ ಕುಡಿಸಿ, ಎಲ್ಲ ಕೇಳಿಕೊಂಡರು. ಯಂತ್ರಗಳು ಎರಡು. ಮೊದಲನೆಯದರಲ್ಲಿ ಬೆಳಕಿನ ಚುಕ್ಕೆಯೊಂದು ಓಡಾಡುತ್ತದೆ. ಕೈಯ ಹಿಡಿಯಿಂದ ಅದನ್ನು ಮೇಲೆ ಕೆಳಗೆ, ಕಾಲಿನಿಂದ ಎಡಕ್ಕೆ ಬಲಕ್ಕೆ ಸರಿಸಿ ನಡುವಿನಲ್ಲೇ ಇಟ್ಟುಕೊಳ್ಳಬೇಕು. ಎರಡನೆಯದರಲ್ಲಿ ಕಾಲಿಗೆ ಕೆಲಸವಿಲ್ಲ. ಸರಿದು ಬರುವ ಚುಕ್ಕೆಗಳನ್ನು ಒಂದೇ ಕೈಯ ಸಲಾಕೆಯಿಂದ ಒಂದೊಂದಾಗಿ ಹೊಡೆಯುತ್ತ ಹೋಗಬೇಕು. "ಮಾಡುವ. ಕಂಪೆನಿ ಮಾಲು ಬೇಡ, ಗುಜರಿಯಲ್ಲಿ ಎಲ್ಲ ಸಿಗ್ತದೆ" ಎಂದರು ಯಜಮಾನರು.

ಗುಜರಿ ಅಂಗಡಿಯಲ್ಲಿ ಅವರು ಹಿಡಿ ಆರಿಸಿದ ಚಂದವನ್ನು ನೋಡಬೇಕಿತ್ತು. ಹೆಣ್ಣು ನೋಡಲು ಹೋದವರೂ ಅಷ್ಟು ಕೊಸರಾಡುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಪಂಪಿನ ಹಿಡಿ ಮೇಲೆ ಕೆಳಗೆ ಮಾತ್ರ ಹೋಗುತ್ತದೆ, ಬೇಡ. ಜೀಪಿನ ಗೇರು ಕೈಗೆ ಸರಿಯಾಗಿ ಕೂರುತ್ತದೆ, ಆದರೆ ಒಂದೊಂದು ಕಡೆ ಹೋಗಿ ಸಿಕ್ಕಿಕೊಳ್ಳುತ್ತದೆ. "ವಿಮಾನಕ್ಕೆ ಗೇರು ಉಂಟಾ? ಬಿಟ್ರೆ ತಾನೇ ನಡುವಿಗೆ ಬರ್ಬೇಕು. ಬಾರದ ಹಿಡಿ ಎಷ್ಟು ಚಂದ ಇದ್ರೂ ಎಂತಕ್ಕೆ?" ಕೊನೆಗೆ ಅದೇ ಗೇರಿನ ಕೋಲನ್ನು ಪೆಟ್ಟಿಗೆಯಿಂದ ಕಿತ್ತು ತಂದು, ಬುಡಕ್ಕೆ ಸೈಕಲ್ ಸೀಟಿನ ನಾಲ್ಕು ಸ್ಪ್ರಿಂಗು ಕಟ್ಟಿದರು. ಕಾಲಿಗೆ ಹಳೆಯ ಲೇಡೀಸ್ ಸೈಕಲಿನ ಹ್ಯಾಂಡಲು. ಅದನ್ನು ಹಲಗೆಯ ಮೇಲೆ ಮಲಗಿಸಿ ನಡುವಿನಲ್ಲಿ ಬೋಲ್ಟು ಹಾಕಿ, ಎರಡು ತುದಿಗೆ ಎರಡು ಪಾದ ಇಡುವಂತೆ ಮಾಡಿದರು. ಬ್ರೇಕಿನ ವಯರುಗಳು ಕೋಲಿನಿಂದಲೂ ಹ್ಯಾಂಡಲಿನಿಂದಲೂ ಹೋಗಿ, ಕಬ್ಬಿಣದ ಬಳೆಯಲ್ಲಿ ತೂಗುವ ಒಂದು ಟಾರ್ಚನ್ನು ಎಳೆಯುತ್ತಿದ್ದವು. ಅದರ ಬೆಳಕು ಶಾಪಿನ ಹಿಂದಿನ ಕತ್ತಲೆ ಕೋಣೆಯ ಗೋಡೆಗೆ ಬೀಳುತ್ತಿತ್ತು. ಗೋಡೆಯಲ್ಲಿ ಸೀಮೆಸುಣ್ಣದ ವೃತ್ತ. ಎಲ್ಲ ಸೇರಿ ಒಂದು ಜೊತೆ ಹೊಸ ಟಯರಿನ ಕ್ರಯವೂ ಆಗಿರಲಿಲ್ಲ.

ಎರಡನೆಯ ಯಂತ್ರವನ್ನು ಹೆಂಡತಿಯ ಹಳೆಯ ಹೊಲಿಗೆ ಮೆಷಿನಿನಿಂದ ಮಾಡಿದರು. ಎಡಗೈಯಲ್ಲಿ ಚಕ್ರ ತಿರುಗಿಸಿದರೆ ಚುಕ್ಕೆ ಹಾಕಿದ ಕಾಗದದ ಪಟ್ಟಿ ಸರಿಯುತ್ತಿತ್ತು. ನಾನು ಒಂದು ಸಲಾಕೆಯನ್ನು ಸರಿಸುತ್ತ ಅದರ ಮೊನೆಯನ್ನು ಚುಕ್ಕೆಗೆ ತಾಗಿಸಬೇಕಿತ್ತು.

ಆರು ವಾರ ದಿನವೂ ಕಾಲೇಜು ಬಿಟ್ಟ ಮೇಲೆ ಅಲ್ಲಿ ಹಾರಿದೆ. ಯಜಮಾನರು ಹಿಂದೆ ನಿಂತು ದಾರ ಎಳೆದು ಬೆಳಕನ್ನು ಅತ್ತಿತ್ತ ಓಡಿಸುತ್ತಿದ್ದರು. ನಡುವೆ ಫಕ್ಕನೆ ಬೆಲ್ಲು ಬಾರಿಸಿ ನನ್ನನ್ನು ಹೆದರಿಸುತ್ತಿದ್ದರು. ನನ್ನ ಕಾಲು ಯೋಚಿಸದೆ ಹೋಗುವಷ್ಟು ಪಳಗಿತು. ಹೊಲಿಗೆ ಮೆಷಿನಿನದು ಮಾತ್ರ ನನಗೆ ಬೋರು. ದಿನಕ್ಕೆ ಅರ್ಧ ಗಂಟೆ ಮಾಡಬೇಕೆಂದು ಅವರು ಹೇಳಿದ್ದರು. ಗಿರಾಕಿ ಬಂದು ಅವರು ಮುಂದೆ ಹೋದರೆ ನಾನು ಸುಮ್ಮನೆ ಕೂತಿರುತ್ತಿದ್ದೆ. "ಚುಕ್ಕೆ ಆಯ್ತಾ?" ಎಂದು ಅಲ್ಲಿಂದಲೇ ಕೇಳುತ್ತಿದ್ದರು. "ಆಯ್ತು" ಎನ್ನುತ್ತಿದ್ದೆ.

ಮೈಸೂರಿಗೆ ಹೊರಡಲು ನಾಲ್ಕು ದಿನ ಇರುವಾಗ ಪಂಜದವರು ಏನೋ ಕೆಲಸಕ್ಕೆ ಪುತ್ತೂರಿಗೆ ಬಂದವರು, ನಮ್ಮ ವಿಮಾನ ನೋಡಲು ಒಳಗೆ ಬಂದರು. ಕೂತು ಬಲಗಾಲು ಒತ್ತಿದರು. ಬೆಳಕು ಎಡಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿ ನೋಡಿದರು.

"ಇದು ತಿರ್ಗಾಮುರ್ಗಾ ಉಂಟಲ್ಲ ಯಜಮಾನ್ರೆ! ಅಲ್ಲಿ ಬಲಗಾಲು ಒತ್ತಿದ್ರೆ ಬಲಕ್ಕೇ ಹೋಗುದು."

ಸೈಕಲಿನವರು ಸೈಕಲಿನ ಲೆಕ್ಕದಲ್ಲೇ ಕಟ್ಟಿದ್ದರು. ಹ್ಯಾಂಡಲಿನ ಬಲತುದಿ ದೂಡಿದರೆ ಚಕ್ರ ಎಡಕ್ಕೆ ತಿರುಗುತ್ತದೆ, ಅದು ಅವರಿಗೆ ಉಸಿರಿನಷ್ಟು ಸಹಜ. ನನಗೂ ಅದರಲ್ಲಿ ಸಂಶಯ ಬಂದಿರಲಿಲ್ಲ, ಯಾಕೆಂದರೆ ನಾನೂ ಬೇರೇನೂ ಓಡಿಸಿದವನಲ್ಲ. ಪಂಜದವರಿಗೆ ಮೊದಲ ದಿನ ಅದನ್ನು ಹೇಳಬೇಕೆಂದೇ ಹೊಳೆದಿರಲಿಲ್ಲ. ಆರು ವಾರ ನನ್ನ ಕಾಲುಗಳು ತಪ್ಪನ್ನು ಕಲಿತಿದ್ದವು, ಅದೂ ಚೆನ್ನಾಗಿ.

ವಯರುಗಳನ್ನು ಅಡ್ಡ ಹಾಕಿ ಸರಿಮಾಡಲು ಯಜಮಾನರಿಗೆ ಹತ್ತು ನಿಮಿಷ ಹಿಡಿಯಿತು. ನನ್ನ ಕಾಲಿಗೆ ಅಂಥ ನಟ್ಟು ಇರಲಿಲ್ಲ. ನಿಧಾನಕ್ಕೆ ಮಾಡಿದರೆ ಸರಿ ಹೋಗುತ್ತಿತ್ತು, ಬೆಲ್ಲು ಬಾರಿಸಿದ ಕೂಡಲೇ ಹಳೆಯ ಕಾಲೇ ಮುಂದೆ ಬರುತ್ತಿತ್ತು. ಮೂರು ದಿನ ಅವರು ಶಾಪಿನ ಬೇರೆ ಕೆಲಸ ಮುಟ್ಟಲಿಲ್ಲ. ಬಂದ ಗಿರಾಕಿಗಳಿಗೆಲ್ಲ, "ಈ ಹುಡುಗನಿಗೆ ತಪ್ಪು ಕಲ್ಸಿ ಇಟ್ಟಿದ್ದೇನೆ, ಅದನ್ನು ತೆಗೀಬೇಕು, ಆಮೇಲೆ ಬನ್ನಿ" ಎಂದರು. ನನಗೆ ಅವರ ಮೇಲೆ ಕುದಿಯುವಷ್ಟು ಸಿಟ್ಟಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿ ತೋರಿಸಿದೆ.

ಹೊರಡುವ ಬೆಳಿಗ್ಗೆ ಮೈಸೂರು ಬಸ್ಸಿನಲ್ಲಿ ಕೂತಿದ್ದೆ. ಯಜಮಾನರು ಲುಂಗಿಯಲ್ಲೇ ಓಡುತ್ತ ಬಂದು ಹತ್ತಿದರು. ಕೈಯಲ್ಲಿ ಗೋಣಿ, ಗೋಣಿಯಲ್ಲಿ ಹಲಗೆ ಸಮೇತ ಹ್ಯಾಂಡಲು. "ಸುಳ್ಯದವರೆಗೆ ಬರ್ತೇನೆ" ಎಂದು ನನ್ನ ಕಾಲಬುಡದಲ್ಲಿ ಅದನ್ನು ಇಟ್ಟರು. ಕ್ಯಾಲೆಂಡರಿನ ರಟ್ಟಿಗೆ ಮಸಿಯ ಚುಕ್ಕೆ ಹಾಕಿ ತಂದಿದ್ದರು. ಅದನ್ನು ನನ್ನ ಮುಖದ ಎದುರು ಹಿಡಿದು ಎಡಕ್ಕೆ ಸರಿಸಿದರೆ ನಾನು ಬಲಗಾಲು ಒತ್ತಿ ತಡೆಯಬೇಕು, ಬಲಕ್ಕೆ ಸರಿಸಿದರೆ ಎಡಗಾಲು. ಬಸ್ಸಿಡೀ ನಮ್ಮನ್ನೇ ನೋಡುತ್ತಿತ್ತು.

"ಇದೆಂತ ಮಾರಾಯ್ರೆ, ಬಸ್ಸು ಬಿಡುದು ಡ್ರೈವರಾ, ಇವನಾ?" ಎಂದ ಕಂಡಕ್ಟರ್.

"ನೀವು ಟಿಕೇಟು ಕೊಡಿ" ಎಂದರು ಯಜಮಾನರು, ಚುಕ್ಕೆಯಿಂದ ಕಣ್ಣು ತೆಗೆಯದೆ.

ಸುಳ್ಯ ಬಂದಾಗ ಹತ್ತರಲ್ಲಿ ನಾಲ್ಕು ತಪ್ಪುತ್ತಿತ್ತು. ಅವರು ಇಳಿಯಲಿಲ್ಲ, ಸಂಪಾಜೆಗೆ ಟಿಕೇಟು ತೆಗೆದರು. ಸಂಪಾಜೆಯಲ್ಲಿ ಹತ್ತರಲ್ಲಿ ಎರಡು. ಮಡಿಕೇರಿಗೆ ತೆಗೆದರು. ಘಾಟಿಯ ತಿರುವುಗಳಲ್ಲಿ ನನಗೆ ವಾಂತಿ ಬರುವಂತಾಯಿತು. "ಬರ್ಲಿ. ವಿಮಾನದಲ್ಲಿ ಬಾರದಾ? ಬಲಕ್ಕೆ ಹೋಗ್ತಾ ಉಂಟು ನೋಡು, ಒತ್ತು!" ಎಂದು ಗದರಿದರು. ಮಡಿಕೇರಿ ಸೇರುವ ಹೊತ್ತಿಗೆ ಇಪ್ಪತ್ತು ಸಲ ಸರಿಸಿದರೂ ಒಂದೂ ತಪ್ಪಲಿಲ್ಲ. ಆಗ ಹ್ಯಾಂಡಲನ್ನು ಗೋಣಿಗೆ ತುಂಬಿ ಇಳಿದರು. ಮಂಜು ಕವಿದ ಆ ಚಳಿಯಲ್ಲಿ, ಅರ್ಧ ತೋಳಿನ ಅಂಗಿಯಲ್ಲಿ, ಕಿಟಕಿಯ ಹತ್ತಿರ ಬಂದು, "ಇನ್ನು ಕಾಲಿನ ಬಗ್ಗೆ ಯೋಚನೆ ಮಾಡ್ಬೇಡ" ಎಂದರು. ಊರಿಗೆ ವಾಪಸು ಬಸ್ಸು ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ.

ಮೈಸೂರಿನಲ್ಲಿ ಮೊದಲನೆಯ ಯಂತ್ರದ ಎದುರು ಕೂತೆ. ಚುಕ್ಕೆ ಎಡಕ್ಕೆ ಓಡಿತು. ಬಲಗಾಲು ತಾನಾಗಿ ಮುಂದೆ ಹೋಯಿತು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ನನ್ನ ಕಾಲು ಒಮ್ಮೆಯೂ ತಪ್ಪಲಿಲ್ಲ. ಏಳುವಾಗ ಗೆದ್ದೆ ಎನಿಸಿತು. ಎರಡನೆಯದರಲ್ಲಿ ಚುಕ್ಕೆಗಳು ಬರತೊಡಗಿದವು. ಒಂದು ಹೊಡೆದೆ, ಎರಡು ಹೊಡೆದೆ, ಮೂರನೆಯದು ತಪ್ಪಿತು. ತಪ್ಪಿದ್ದನ್ನು ನೋಡುತ್ತಿರುವಾಗ ಇನ್ನೆರಡು ದಾಟಿಹೋದವು. ಕೈ ಗಾಬರಿಯಾಗಿ ಹೋದ ಚುಕ್ಕೆಗಳ ಹಿಂದೆ ಓಡಿತು. ಹೊಲಿಗೆ ಮೆಷಿನಿನ ಎದುರು ಸುಮ್ಮನೆ ಕೂತಿದ್ದ ಅಷ್ಟೂ ಸಂಜೆಗಳು ನೆನಪಾದವು. ಆಮೇಲೆ ಮುಂದಿನ ಪರೀಕ್ಷೆಗೆ ಉಳಿಯುವವರ ನಂಬರುಗಳನ್ನು ಓದಿದರು. ನನ್ನದು ಇರಲಿಲ್ಲ.

ಪುತ್ತೂರಿನಲ್ಲಿ ಇಳಿದರೆ ಯಜಮಾನರು ಬಸ್ ಸ್ಟ್ಯಾಂಡಿನಲ್ಲೇ ಇದ್ದರು. ನನ್ನ ಮುಖ ನೋಡಿ ತಿಳಿದುಕೊಂಡರು. ಒಂದೇ ಒಂದು ಶಬ್ದ ಕೇಳಿದರು.

"ಕಾಲಾ?"

ನಾನು ಹೌದೆಂದು ತಲೆ ಆಡಿಸಿದೆ.

ದಾರಿಯಲ್ಲಿ ಯೋಚಿಸಿಟ್ಟುಕೊಂಡ ಸುಳ್ಳಲ್ಲ ಅದು. ಅವರೇ ದಾರಿ ತೆರೆದರು, ನಾನು ಒಳಗೆ ನುಗ್ಗಿದೆ, ಅಷ್ಟೇ. ಆದರೆ ತಿದ್ದಲು ನನಗೆ ಎಷ್ಟು ವರ್ಷಗಳಿದ್ದವು! ಮರುದಿನವೇ ಅವರು ಬೆಟ್ಟಂಪಾಡಿಗೆ ಸೈಕಲ್ ಹೊಡೆದುಕೊಂಡು ಬಂದು ಅಪ್ಪನ ಎದುರು ಕೈಮುಗಿದು ನಿಂತರು. "ಮಾಷ್ಟ್ರೆ, ನಿಮ್ಮ ಮಗನದ್ದೆಂತ ತಪ್ಪಿಲ್ಲ. ನಾನು ಉಲ್ಟಾ ಕಲ್ಸಿದ್ದು." ಅಪ್ಪ, "ಪಂಕ್ಚರ್ ಹಾಕುವವರು ಪಂಕ್ಚರ್ ಹಾಕಿಕೊಂಡು ಇರ್ಬೇಕಿತ್ತು" ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಅಂಗಳ ದಾಟಿ ಅವರು ಹೋಗುವವರೆಗೂ ಹೊರಗೆ ಬರಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆ ಹೊತ್ತಿಗೆ.

ಮುಂದೆ ಕಡಬದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾದೆ. ಪುತ್ತೂರಿಗೆ ಬಂದಾಗಲೆಲ್ಲ ಶಾಪಿಗೆ ಹೋಗುತ್ತಿದ್ದೆ. ಈ ಸಲ ಹೇಳಿಯೇ ಬಿಡುತ್ತೇನೆ ಎಂದುಕೊಂಡೇ ಹೋಗುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಅಲ್ಲಿದ್ದವರಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದರು. "ಇವ ಪೈಲಟ್ ಆಗ್ಬೇಕಿತ್ತು, ಗೊತ್ತುಂಟಾ? ತಪ್ಪಿಸಿದ್ದು ನಾನು." ಹೊಸ ಗಿರಾಕಿಗಳಿಗೆ ಹೇಳಿದರು, ಹಳಬರಿಗೆ ಮತ್ತೆ ಮತ್ತೆ ಹೇಳಿದರು, ನನ್ನ ಮದುವೆ ಗೊತ್ತಾದಾಗ ಹೆಣ್ಣಿನ ಅಪ್ಪನಿಗೂ ಹೇಳಿದರು. ಪ್ರತಿ ಸಲವೂ ನಾನು ದೊಡ್ಡ ಮನಸ್ಸಿನವನ ಹಾಗೆ ನಕ್ಕೆ. ಕಡಬಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ಹೋದರು. ಒಂದು ಮಧ್ಯಾಹ್ನ ಚಕ್ರ ಬಿಗಿಯುತ್ತಿದ್ದವರು ಅಲ್ಲೇ ಒರಗಿದರಂತೆ. ನನಗೆ ಸುದ್ದಿ ತಲುಪಿದಾಗ ಮೂರು ದಿನ ಕಳೆದಿತ್ತು. ಮನೆಗೆ ಹೋದೆ. ಜಗಲಿಯಲ್ಲಿ ಅವರ ಹೆಂಡತಿ ಒಬ್ಬರೇ ಕೂತಿದ್ದರು. ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

"ನಿಮ್ದೊಂದು ವಿಷಯ ಇವರಿಗೆ ಕಡೆವರೆಗೂ ಮನಸ್ಸಲ್ಲಿತ್ತು. ನಿಮ್ಗೆ ಇವರ ಮೇಲೆ ಸಿಟ್ಟು ಉಂಟಾ?"

"ಇಲ್ಲ ಅಕ್ಕ, ಅದನ್ನೆಲ್ಲ ನಾನು ಯಾವತ್ತೋ ಮರೆತಿದ್ದೇನೆ" ಎಂದೆ.

ಅವರ ಮುಖ ಸಡಿಲಾಯಿತು. "ದೊಡ್ಡ ಉಪಕಾರ ಆಯ್ತು" ಎಂದು ಎದ್ದು ಒಳಗೆ ಹೋದವರು ನನಗಾಗಿ ಚಹಾ ಮಾಡಿ ತಂದರು. ನಾನು ಅದನ್ನು ಕುಡಿದೆ.