ಕರೆದರೆ ತಿರುಗದ ಮಗಳು

ಎರಡು ವರ್ಷ ತುಂಬುವ ಹೊತ್ತಿಗೆ ಇಂಚರ ‘ಅಪ್ಪ’ ಅನ್ನುತ್ತಿದ್ದಳು. ‘ಬಾ’ ಅನ್ನುತ್ತಿದ್ದಳು. ಆಮೇಲೆ ಆ ಮಾತುಗಳು ಒಂದೊಂದಾಗಿ ನಿಂತವು. ಯಾವುದು ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ಮಕ್ಕಳಿಗೆ ಮಾತು ಬಂದ ದಿನ ಮನೆಯವರಿಗೆಲ್ಲ ನೆನಪಿರುತ್ತದೆ. ಹೋದ ದಿನವನ್ನು ಯಾರು ನೋಡುತ್ತಾರೆ?

ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಹೊಳೆನರಸೀಪುರದ ಕಡೆಯ ಹಳ್ಳಿಮೈಸೂರಿನ ನಮ್ಮ ಮನೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತ ಕೂತರೆ ಪಕ್ಕದಲ್ಲೇ ಕೂತು ಮಷೀನಿನ ಚಕ್ರ ತಿರುಗುವುದನ್ನು ನೋಡುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ.

ಅತ್ತೆ ಧೈರ್ಯ ಹೇಳುತ್ತಿದ್ದರು. “ಅವ್ರಪ್ಪನೂ ತಡವಾಗೇ ಮಾತಾಡಿದ್ದು ಕಣವ್ವ. ಸುಮ್ಕಿರು, ಬತ್ತದೆ.”

ಹಾಸನಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿ ಚೆನ್ನಾಗಿದೆ ಎಂದರು. ಆ ಖುಷಿಗೆ ನನ್ನ ಗಂಡ ಮನೆಗೆ ಮೈಸೂರು ಪಾಕ್ ಕಟ್ಟಿಸಿಕೊಂಡರು. ಕಿವಿಯೇ ಕೇಳದಿದ್ದರೆ ಕಿವಿಗೆ ಮಷೀನಾದರೂ ಹಾಕಿಸಬಹುದಿತ್ತಲ್ಲ ಎಂದು ನಾನು ಒಳಗೊಳಗೇ ಹಲುಬುವ ಕಾಲ ಮುಂದಿದೆ ಎಂದು ಆವತ್ತು ತಿಳಿದಿರಲಿಲ್ಲ.

ಕೆಲವು ತಿಂಗಳ ನಂತರ ಹಾಸನದಲ್ಲೇ ಬೇರೆ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಇಂಚರಳ ಕಡೆಗೆ ಒಂದು ಚೆಂಡು ಉರುಳಿಸಿದರು. ಅವಳು ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ತಿರುಗಿಸತೊಡಗಿದಳು.

“ಏನಾದ್ರೂ ಬೇಕಾದ್ರೆ ಬೆರಳು ಮಾಡಿ ತೋರಿಸ್ತಾಳಾ?”

“ಇಲ್ಲ ಮೇಡಂ. ನನ್ನ ಕೈ ಹಿಡ್ಕೊಂಡು ಎಳ್ಕೊಂಡು ಹೋಗ್ತಾಳೆ.”

ಇನ್ನೂ ಏನೇನೋ ಕೇಳಿದರು. ಎಲ್ಲಕ್ಕೂ ಉತ್ತರ ಹೇಳುತ್ತ ಹೋದಂತೆ, ಯಾರೋ ನಮ್ಮ ಮನೆಯೊಳಗೆ ಕೂತು ನೋಡಿಯೇ ಕೇಳುತ್ತಿದ್ದಾರೆ ಅನ್ನಿಸಿತು.

“ಆಟಿಸಂ” ಎಂದರು.

“ಎಷ್ಟು ದಿನ ಮಾತ್ರೆ ಕೊಡ್ಬೇಕು ಮೇಡಂ?” ನನ್ನ ಗಂಡ ಕೇಳಿದರು.

“ಇದಕ್ಕೆ ಮಾತ್ರೆ ಇಲ್ಲ. ಮಾತಿಗೆ ಸ್ಪೀಚ್ ಥೆರಪಿ, ದಿನದ ಕೆಲಸ ಕಲಿಸೋಕೆ ಆಕ್ಯುಪೇಷನಲ್ ಥೆರಪಿ ಶುರು ಮಾಡಿ. ತಡ ಮಾಡ್ಬೇಡಿ.”

“ಎಲ್ಲಿ ಮಾಡ್ತಾರೆ?”

ಡಾಕ್ಟರ್ ಚೀಟಿ ಬರೆದು ಕೊಟ್ಟರು. ಆಮೇಲೆ, “ವಿಚಾರಿಸಿ ನೋಡಿ” ಎಂದರು.

ವಿಚಾರಿಸುವುದೇ ನಮ್ಮ ಬದುಕಾಯಿತು. ಹೊಳೆನರಸೀಪುರದಲ್ಲಿ ಕೇಳಿದರೆ ಹಾಸನಕ್ಕೇ ಹೋಗಿ ಅಂದರು. ಹಾಸನದಲ್ಲಿ ಒಬ್ಬರು ಮೈಸೂರಾದರೆ ಒಳ್ಳೆಯದು ಅಂದರು. ಚನ್ನರಾಯಪಟ್ಟಣದಲ್ಲಿ ಯಾರೋ ಹೊಸದಾಗಿ ಸೆಂಟರ್ ತೆರೆದಿದ್ದಾರಂತೆ ಎಂದು ಕೇಳಿ ಅಲ್ಲಿಗೂ ಹೋದೆವು. ಬೋರ್ಡ್ ಇತ್ತು. ಬಾಗಿಲಿಗೆ ಬೀಗ. ಪಕ್ಕದ ಬೇಕರಿಯವನು, “ಅವ್ರು ಖಾಲಿ ಮಾಡ್ಕಂಡ್ ಓದ್ರಲ್ಲ ಅಕ್ಕ” ಅಂದ.

ವಾಪಸ್ ಬರುವಾಗ ಬಸ್ಸಿನ ಹಾರ್ನಿಗೆ ಇಂಚರ ಕಿರುಚಲು ಶುರು ಮಾಡಿದಳು. ತನ್ನ ಕೈ ತಾನೇ ಕಚ್ಚಿಕೊಂಡಳು. ಎತ್ತಿಕೊಂಡರೆ ಒದ್ದಳು. ಹಿಂದಿನ ಸೀಟಿನಿಂದ ಒಬ್ಬರು, “ಒಂದೇಟು ಬುಡ್ರವ್ವ, ಸುಮ್ಕಾಯ್ತದೆ” ಅಂದರು. ನಡುದಾರಿಯಲ್ಲೇ ಇಳಿದುಬಿಟ್ಟೆವು. ರಸ್ತೆಯ ಪಕ್ಕ ರಾಗಿ ಹೊಲ. ಅವಳು ಮಣ್ಣಲ್ಲಿ ಬಿದ್ದು ಹೊರಳಾಡುತ್ತಿದ್ದಳು. ನಾನು ಹತ್ತಿರ ಕೂತಿದ್ದೆ. ಮಾಡಲು ಏನೂ ಇರಲಿಲ್ಲ. ನನ್ನ ಗಂಡ ನಮಗೆ ಬೆನ್ನು ಮಾಡಿ ನಿಂತಿದ್ದರು. ಭುಜ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಕೊನೆಗೆ ಹಾಸನದಲ್ಲಿ ಒಬ್ಬ ಥೆರಪಿಸ್ಟ್ ಸಿಕ್ಕರು. ವಾರಕ್ಕೊಂದು ದಿನ, ಗುರುವಾರ. “ಇಲ್ಲಿ ನಾನು ಮಾಡೋದು ಸ್ವಲ್ಪ. ಉಳಿದ ದಿನ ನೀವೇ ಮಾಡ್ಬೇಕು” ಎಂದು ಚಿತ್ರದ ಕಾರ್ಡುಗಳನ್ನು ಕೊಟ್ಟರು. ನೀರಿನ ಲೋಟ, ಬಾಳೆಹಣ್ಣು, ಚಪ್ಪಲಿ. ಮನೆಯಲ್ಲಿ ಅವಳ ಮುಂದೆ ಕಾರ್ಡು ಹಿಡಿದು ಕೂರುತ್ತಿದ್ದೆ. ಅವಳು ಎಸೆಯುತ್ತಿದ್ದಳು. ಆರಿಸಿ ತಂದು ಮತ್ತೆ ಹಿಡಿಯುತ್ತಿದ್ದೆ. ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವುದು ಅತ್ತೆಗೆ ಇಷ್ಟವಿರಲಿಲ್ಲ. “ಎಣ್ ಮಗ. ನಾಳೆ ಜನ ಏನಂದಾರು?” ಅನ್ನುತ್ತಿದ್ದರು. ಗುರುವಾರ ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಹಲ್ಲು ನೋವು, ನೆಂಟರ ಮನೆ ಎಂದು ಏನಾದರೊಂದು ಹೇಳುತ್ತಿದ್ದೆವು.

ಒಂದು ಮಧ್ಯಾಹ್ನ ಇಂಚರ ಮನೆಯಲ್ಲಿರಲಿಲ್ಲ.

ಗೇಟಿನ ಚಿಲಕ ತೆಗೆದಿತ್ತು. ನಾನು ಬೀದಿಗೆ ಬಂದು ಕೂಗಿದೆ. ಅಕ್ಕಪಕ್ಕದವರು ಬಂದರು. ನೋಡನೋಡುತ್ತ ಊರೇ ಅವಳ ಹೆಸರು ಕೂಗತೊಡಗಿತು. ಶಾಲೆಯ ಹಿಂದೆ, ತೆಂಗಿನ ತೋಟದಲ್ಲಿ, ಕೆರೆ ಏರಿಯ ಮೇಲೆ ‘ಇಂಚರಾ, ಇಂಚರಾ’ ಎಂದು ಕೂಗು ಕೇಳುತ್ತಿತ್ತು. ಅಷ್ಟು ಜನ ಅಷ್ಟು ಪ್ರೀತಿಯಿಂದ ಕೂಗುತ್ತಿದ್ದಾರೆ. ಹತ್ತು ಮಾರು ದೂರದಲ್ಲಿದ್ದರೂ ಅವಳು ಓಗೊಡುವುದಿಲ್ಲ ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಬೇರೆಯವರ ಮಕ್ಕಳನ್ನು ಕೂಗಿ ಹುಡುಕಬಹುದು. ನನ್ನ ಮಗಳನ್ನು ಕಣ್ಣಿನಲ್ಲೇ ಹುಡುಕಬೇಕು.

ಕೂಗುವುದನ್ನು ನಿಲ್ಲಿಸಿದೆ. ನಾಲೆಯ ಕಡೆ ಓಡಿದೆ.

ನಾಲೆಗೆ ನೀರು ಬಿಟ್ಟಿದ್ದರು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳು ಕೂತಿದ್ದಳು. ಪಾದ ನೀರಿನಲ್ಲಿತ್ತು. ಕೆಳಗಿನ ಬೀದಿಯ ಸಾಕಮ್ಮ ಒಗೆಯುವುದನ್ನು ಬಿಟ್ಟು, ಎರಡೂ ಕೈಯಲ್ಲಿ ಅವಳ ಫ್ರಾಕು ಹಿಡಿದು ಹಿಂದೆ ಕೂತಿದ್ದರು.

“ಎಷ್ಟ್ ಕರುದ್ರೂ ತಿರುಗ್ನಿಲ್ಲ ಕಣವ್ವ. ಬಿದ್ದೋದಾತು ಅಂತ ಇಡ್ಕಂಡ್ ಕುಂತಿವ್ನಿ. ಮಾತ್ ಬರಾಕಿಲ್ವಾ ಮಗೀಗೆ?”

ನಾನು ಮಗಳನ್ನು ಎತ್ತಿಕೊಂಡೆ. ಅತ್ತೆ ನನ್ನ ಹಿಂದೆಯೇ ಏದುಸಿರು ಬಿಡುತ್ತ ಬಂದು ನಿಂತಿದ್ದರು. ಇನ್ನಷ್ಟು ಜನ ಬರುತ್ತಿದ್ದರು.

“ಬರಲ್ಲ ಸಾಕವ್ವ” ಎಂದೆ. “ಕಿವಿ ಕೇಳ್ತದೆ. ಆದ್ರೆ ಕರೆದ್ರೆ ತಿರುಗಲ್ಲ. ಅದೊಂದು ತೊಂದ್ರೆ ಅವಳಿಗೆ. ಅದಕ್ಕೇ ಹಾಸನಕ್ಕೆ ಹೋಗ್ತೀವಿ.”

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ಇಂಚರಳ ಒದ್ದೆ ಪಾದ ಒರೆಸಿದರು. ಮಾರನೆಯ ದಿನ ಸೆರಗು ಹೊದ್ದು ಎಲ್ಲಿಗೋ ಹೊರಟರು. ಮೂರನೆಯ ಮನೆಯ ಬಾಗಿಲಲ್ಲಿ ಅವರ ದನಿ ಕೇಳಿಸಿತು.

“ನಮ್ ಕೂಸು ದಾರೀಲಿ ಕಂಡ್ರೆ ಕೂಗ್ಬ್ಯಾಡ್ರವ್ವ, ಅದ್ಕೆ ತಿಳಿಯಾಕಿಲ್ಲ. ಓಗಿ ಕೈ ಇಡ್ಕಳಿ.”

ಆ ಬೀದಿ ಮುಗಿಸಿ ನಾಲೆಯ ದಾರಿಯ ಮನೆಗಳಿಗೂ ಹೋಗಿ ಬಂದರು. ಬಂದು, ನೀರು ಕುಡಿದು, ಗೋಡೆಗೆ ಒರಗಿ ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಇಂಚರಳಿಗೆ ಇನ್ನೂ ಮಾತು ಬಂದಿಲ್ಲ. ಬರುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಬಾಯಾರಿದರೆ ಕೆಲವು ಸಲ ಲೋಟದ ಕಾರ್ಡು ತಂದು ನನ್ನ ತೊಡೆಯ ಮೇಲೆ ಹಾಕುತ್ತಾಳೆ. ಕೆಲವು ಸಲ ಇಲ್ಲ. ಈ ನಡುವೆ ಎರಡು ಸಲ ಗೇಟು ದಾಟಿ ಹೋಗಿದ್ದಳು. ಎರಡು ಸಲವೂ ಯಾರೋ ಕೈ ಹಿಡಿದು ಕರೆದುಕೊಂಡು ಬಂದು ಬಿಟ್ಟರು. ಅವರಿಗೆಲ್ಲ ಕೈಮುಗಿಯಬೇಕು. ಆದರೂ ಭಯ ಹೋಗಿಲ್ಲ. ನಾನಿಲ್ಲದ ಕಾಲಕ್ಕೆ ಇವಳ ಕೈ ಹಿಡಿಯುವವರು ಯಾರು?

ಕಳೆದ ಗುರುವಾರ ಥೆರಪಿ ಕೋಣೆಯ ಹೊರಗೆ ಅರಕಲಗೂಡಿನ ಒಬ್ಬ ತಾಯಿ ಸಿಕ್ಕರು. ಮಗನಿಗೆ ಆಟಿಸಂ ಎಂದು ಅದೇ ವಾರ ಗೊತ್ತಾಗಿತ್ತಂತೆ. ಮಗ ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದ.

“ನೀವ್ ಎಲ್ಲೆಲ್ಲಿ ತೋರ್ಸಿದ್ರಿ ಅಕ್ಕ? ಯಾರು ವಾಸಿ ಮಾಡ್ತಾರೆ?”

“ವಾಸಿ ಮಾಡೋರು ನಂಗೆ ಸಿಕ್ಕಿಲ್ಲಮ್ಮ” ಎಂದೆ. “ಊರಲ್ಲಿ ಹೇಳಿದ್ದೀರಾ?”

ಆಕೆ ಇಲ್ಲವೆಂದು ತಲೆಯಾಡಿಸಿದರು. ಕಣ್ಣು ತುಂಬಿ ಬಂತು. ನಮ್ಮ ಸರದಿ ಮುಗಿದಿತ್ತು, ಹೊಳೆನರಸೀಪುರದ ಬಸ್ ಹೊರಡುವ ಹೊತ್ತಾಗಿತ್ತು. ನಾನು ಇಂಚರಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವರನ್ನು ಒಳಗೆ ಕರೆಯುವ ತನಕ ಅಲ್ಲೇ ಕೂತೆ. ಬಸ್ ಇನ್ನೊಂದು ಬರುತ್ತದೆ.