ಬೆಂಡೆಕಾಯಿಯ ಹೂವು

ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿಯ ವಾಸನೆ ಇವತ್ತು ನನ್ನನ್ನು ಏಳನೇ ವಯಸ್ಸಿಗೆ ಎಳೆದೊಯ್ದಿತು. ನಾಸಿಕ್ ರೋಡಿನ ಶಾಲೆಯಲ್ಲಿ ಎರಡನೇ ತರಗತಿಯ ಟೀಚರು ನಾನು. ಹೋಂವರ್ಕ್ ಮಾಡಿದವರ ಕೈಗೆ ನಕ್ಷತ್ರದ ಮುದ್ರೆ ಒತ್ತುತ್ತೇನೆ. ಮಾಡದವರಿಗೆ ಆಟದ ಪಿರಿಯಡ್ ಇಲ್ಲ. ದೇವಳಾಲಿ ಕ್ಯಾಂಪಿಗೆ ಈಚೆಗಷ್ಟೇ ವರ್ಗವಾಗಿ ಬಂದ ಸೈನಿಕರೊಬ್ಬರ ಮಗಳ ಕೈಮೇಲೆ ಇವತ್ತು ನಾನು ಒತ್ತದ ನಕ್ಷತ್ರವಿತ್ತು, ಪೆನ್ನಿನಲ್ಲಿ ಬರೆದದ್ದು. ಎಲ್ಲರೆದುರು ಗದರಿಬಿಟ್ಟೆ. ಅವಳು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಆಗ ನನ್ನ ಬಾಲ್ಯದ ಟೀಚರು ‘ಬಾಯಿ’ ನೆನಪಾದರು...

ಇಲ್ಲಿನ ಮರಾಠಿ ಶಾಲೆಗಳಲ್ಲಿ ಟೀಚರಮ್ಮನನ್ನು ಕರೆಯುವುದೇ ಹಾಗೆ, ಬಾಯಿ. ಅಪ್ಪನಿಗೆ ಬೀದರಿನಿಂದ ಈಗಿನ ಸಂಭಾಜಿನಗರದ ಬ್ಯಾಂಕಿಗೆ ವರ್ಗವಾದಾಗ ನನಗೆ ಏಳು ವರ್ಷ, ಮರಾಠಿ ಓದಲು ಬಾರದು. ಪಾಠ ಒಪ್ಪಿಸಿದವರ ಕೈಗೆ ಬಾಯಿ ಹೂವಿನ ಮುದ್ರೆ ಒತ್ತುತ್ತಿದ್ದರು. ಉಳಿದವರು ಆಟ ಬಿಟ್ಟು ಬಾಗಿಲ ಬಳಿ ಕೂರಬೇಕು. ನಾನು ದಿನಾ ಅಲ್ಲೇ. ಸಂಜೆ ಅವ್ವ ಮೊದಲು ನೋಡುತ್ತಿದ್ದದ್ದು ನನ್ನ ಕೈ. “ಇವತ್ತರ ಹೂ ಬಂತೇನವ್ವ?” ಆ ದನಿಯೊಳಗಿನ ಆಸೆಗೇ ನಾನು ಹೆದರುತ್ತಿದ್ದೆ.

ಒಂದು ಸಂಜೆ ನಾನು ಬಂದಾಗ ಅವ್ವ ಹೊರಗೆ ನೀರು ಹಿಡಿಯುತ್ತಿದ್ದಳು. ಅಡಿಗೆಮನೆಯಲ್ಲಿ ಹೆಚ್ಚಿಟ್ಟ ಬೆಂಡೆಕಾಯಿ, ಮೇಜಿನ ಮೇಲೆ ಅಪ್ಪನ ಸ್ಟಾಂಪ್ ಪ್ಯಾಡು. ಒಂದು ತುಂಡನ್ನು ಶಾಯಿಗೆ ಅದ್ದಿ ಕೈಗೆ ಒತ್ತಿಕೊಂಡೆ. ಐದೆಸಳಿನ ಚೆಂದದ ಹೂವು! ಅವ್ವ ಹಿಗ್ಗಿ ಹೀರೇಕಾಯಿಯಾದಳು. ನನಗೆ ಮಾತ್ರ ಊಟ ಸೇರಲಿಲ್ಲ.

ಮರುದಿನವೂ ಬಣ್ಣ ಹೋಗಿರಲಿಲ್ಲ. ಬಾಯಿ ನನ್ನ ಕೈ ಹಿಡಿದು ಎಸಳು ಎಣಿಸಿದರು. ಅವರ ಹೂವಿಗೆ ಎಂಟು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರೋ ಕೈ ಬಿಟ್ಟು ಪಕ್ಕದವಳ ಪಾಠ ಕೇಳತೊಡಗಿದರು. ಸಂಜೆ ನೋಡಿದರೆ ನಮ್ಮ ಮನೆಬಾಗಿಲಲ್ಲೇ ಬಾಯಿ! ನಾನು ಕದದ ಹಿಂದೆ ಅವಿತೆ.

“ಕನ್ನಡದವ್ರಲ್ರಿ ನೀವು? ನಂದೂ ಸೋಲಾಪುರ ಕಡೀನರಿ,” ಎಂದರು ಬಾಯಿ. ಅವರಿಗೆ ಕನ್ನಡ ಬರುತ್ತದೆಂದು ನನಗೆ ಅಂದೇ ತಿಳಿದದ್ದು.

“ಹುಡುಗಿ ಏನರ ತಪ್ಪ ಮಾಡ್ಯಾಳೇನ್ರಿ?” ಅವ್ವನಿಗೆ ಗಾಬರಿ.

“ತಪ್ಪ ನಂದರಿ. ಮನ್ಯಾಗ ಮರಾಠಿ ಓದ್ಸೋರು ಯಾರದಾರಂತ ಒಂದಿನಾನೂ ಕೇಳ್ಲಿಲ್ಲ. ನಾಳಿಂದ ಅರ್ಧ ತಾಸು ಮುಂಚೆ ಕಳಸ್ರಿ.”

ಹೂವಿನ ಸುದ್ದಿ ಎತ್ತಲೇ ಇಲ್ಲ. ಕೆಲವು ವಾರಗಳಾದ ಮೇಲೆ ನನ್ನ ಕೈಗೂ ಮುದ್ರೆ ಬಿತ್ತು. “ಎಣಿಸ್ಕೊ, ಎಂಟ ಅದಾವ,” ಎಂದು ಕಿವಿಯಲ್ಲಿ ಹೇಳಿ ನಕ್ಕರು...

ಬಾಯಿ ಹೋದ ವರ್ಷ ತೀರಿಕೊಂಡರಂತೆ. ಒಂದು ಸಲವಾದರೂ ಹೋಗಿ ಕಾಣಲಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ವಿಳಾಸ ನೋಡಿಕೊಂಡು ಈಗ ಆ ಹುಡುಗಿಯ ಮನೆಯ ಮುಂದೆ ನಿಂತಿದ್ದೇನೆ. ಅವಳ ತಾಯಿಗೆ ಏನು ಹೇಳಬೇಕೆಂದು ಬಾಯಿ ಕಲಿಸಿಕೊಟ್ಟಿದ್ದಾರೆ. ಆದರೆ ಅವರು ತರಗತಿಯಲ್ಲಿ ಸುಮ್ಮನಿದ್ದವರು, ನಾನು ಗದರಿಯಾಗಿದೆ. ಆ ಮಗುವಿಗೆ ಏನು ಹೇಳಲಿ?

ತಾಯಿ ಬಾಗಿಲು ತೆರೆದರು. ಕದದ ಕೆಳಗೆ ಎರಡು ಪುಟ್ಟ ಪಾದಗಳು ಕಾಣುತ್ತಿವೆ.