ಫ್ಲಾಪಿಯ ಹಣೆಗೆ ವಿಭೂತಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ದಿನಾ ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಲ್ಲಿ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ಬಾಗಲಕೋಟೆಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಬಂದವಳು. ನನ್ನ ಗೆರೆ ಎಂದರೆ ಗೆರೆ. ಅದರ ಬಗ್ಗೆ ನನಗೆ ಸಣ್ಣ ಸೊಕ್ಕೇನೂ ಇರಲಿಲ್ಲ, ದೊಡ್ಡದೇ ಇತ್ತು.

ಅಂಥದ್ದರಲ್ಲಿ ನಮ್ಮ ಸಾವ್ಕಾರರು ಒಂದು ಕಂಪ್ಯೂಟರ್ ತರಿಸಿಬಿಟ್ಟರು. ಮುಂಬೈಯ ದೊಡ್ಡ ಹೋಟೆಲೊಂದರ ಮುಂದಿನ ಹಜಾರಕ್ಕೆ ನಮ್ಮ ಕೆಂಪು ಕಲ್ಲು ಹಾಸುವ ಕೆಲಸ ಬಂದಿತ್ತು. ನಡುವೆ ಒಂದು ದೊಡ್ಡ ಹೂವು, ಅದಕ್ಕೆ ಹದಿನಾರು ಎಸಳು. ಅದರ ನಕ್ಷೆ ಕಂಪ್ಯೂಟರಿನಲ್ಲೇ ಆಗಬೇಕೆಂದು ಅಲ್ಲಿಯ ಆರ್ಕಿಟೆಕ್ಟ್ ಸಾಹೇಬರು ಹಟ ಹಿಡಿದಿದ್ದರಂತೆ. ಪೆಟ್ಟಿಗೆಗಳ ಜೊತೆ ಹುಬ್ಬಳ್ಳಿಯಿಂದ ಒಬ್ಬ ಹುಡುಗನೂ ಬಂದ, ನನಗೆ ಕಲಿಸಲಿಕ್ಕೆ. ಅವನ ಬೆರಳು ಕೀಲಿಗಳ ಮೇಲೆ ಓಡುತ್ತಿದ್ದ ವೇಗಕ್ಕೆ ನನ್ನ ಕಣ್ಣು ಕೂಡ ಹಿಂದೆ ಬೀಳುತ್ತಿತ್ತು. ಕೆಲವು ದಿನ ಇದ್ದು, "ಇಷ್ಟ ನೋಡ್ರಿ ಮೇಡಂ, ಭಾಳ ಸರಳ ಐತಿ" ಎಂದು ಹೋಗಿಯೇಬಿಟ್ಟ.

ಅವನು ಹೋದ ದಿನವೇ ಸಾವ್ಕಾರರು ನನ್ನನ್ನು ಕರೆದರು.

"ನೋಡವಾ, ದಸರಾಕ್ಕ ಮುಂಬೈ ಸಾಹೇಬ್ರು ಬರ್ತಾರ. ಅಷ್ಟ್ರಾಗ ನೀ ಕಲ್ತು ನಕ್ಷೆ ಮಾಡಿದ್ರ ಛಲೋ ಆತು. ಇಲ್ಲಂದ್ರ ಆ ಹುಬ್ಬಳ್ಳಿ ಹುಡುಗನ್ನ ಕೆಲಸಕ್ಕ ಕರಸ್ತೇನಿ, ಅಂವಗ ಹೇಳಿ ಇಟ್ಟೇನಿ. ಇಬ್ಬರನ್ನ ಇಟ್ಕೊಳ್ಳಾಕ ನನಗ ಆಗೂದಿಲ್ಲ."

"ಕಲೀತೇನ್ರಿ," ಎಂದೆ. ಆ ಕೆಲಸ ಹೋದರೆ ಮನೆಯಲ್ಲಿ ಗಂಡು ನೋಡುವ ಗಡಿಬಿಡಿ ಶುರುವಾಗುತ್ತಿತ್ತು, ಅದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನಗೆ ಆ ಕೆಲಸದ ಮೇಲೆ ಪ್ರಾಣವಿತ್ತು.

ಕಂಪ್ಯೂಟರಿಗೆ ಒಂದು ಎ.ಸಿ. ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಕಲ್ಲಿನ ಧೂಳು ಮೆತ್ತಿಕೊಂಡ ಕೆಲಸಗಾರರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು, "ಅಕ್ಕಾರ, ತಣ್ಣಗ ಐತಿ ನೋಡ್ರಿ ಇಲ್ಲಿ" ಎಂದು ಮುಖ ಒಳಗೆ ಹಾಕಿ ಹೋಗುತ್ತಿದ್ದರು. ನನಗೆ ಮಾತ್ರ ಬೆವರು. ಹೊರಗೆ ದೊಡ್ಡ ಗರಗಸ ಶುರುವಾದರೆ ವೋಲ್ಟೇಜ್ ಇಳಿದು ಪರದೆಯ ಮೇಲಿನ ಗೆರೆಗಳೆಲ್ಲ ನಡುಗುತ್ತಿದ್ದವು.

ನಾನು ಮಾಡಿದ ಮೊದಲ ಪೆದ್ದತನ ಕೇಳಿ. ಹಲಗೆಯ ಮೇಲೆ ಕಾಗದವಿಟ್ಟು ಬರೆಯುವವರು ಎಲ್ಲವನ್ನೂ ಸ್ಕೇಲಿಗೆ ಇಳಿಸಿಯೇ ಬರೆಯಬೇಕು. ಇಡೀ ಹಜಾರ ಕಾಗದದಲ್ಲಿ ಹಿಡಿಸಬೇಕಲ್ಲ! ಆ ಚಟ ಕೈಗೆ ಅಂಟಿತ್ತು. ಕಂಪ್ಯೂಟರಿಗೆ ಕಲ್ಲಿನ ಖರೆ ಅಳತೆಯನ್ನೇ ಹೇಳಬೇಕು, ಇಳಿಸುವುದನ್ನು ಕೊನೆಗೆ ಅದೇ ಮಾಡಿಕೊಳ್ಳುತ್ತದೆ. ನಾನು ಶಾಣೆತನ ಮಾಡಿ ಪ್ರತಿ ಅಳತೆಯನ್ನೂ ಭಾಗಿಸಿ ಭಾಗಿಸಿ ಕೊಟ್ಟೆ. ತಾನೇ ಪೆನ್ನು ಹಿಡಿದು ಗೆರೆ ಎಳೆಯುವ ಪ್ಲಾಟರಿನ ಸುತ್ತ ಅರ್ಧ ಕಾರ್ಖಾನೆ ನೆರೆದಿತ್ತು. ಪೆನ್ನು ಹಾಳೆಯ ನಡುವೆ ಬಂದು ಕುಳಿತು ಚೂರು ಅಲುಗಾಡಿ ಎದ್ದುಹೋಯಿತು. ನೋಡಿದರೆ ಇಡೀ ಹೋಟೆಲಿನ ಹಜಾರ ಹುಣಸೆ ಬೀಜದಷ್ಟು! ಸಾವ್ಕಾರರು ಕನ್ನಡಕ ಏರಿಸಿ ಬಗ್ಗಿದರು.

"ಇದರಾಗ ಹೂವು ಎಲ್ಲೈತವಾ?"

ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು, ಮರುಕ್ಷಣ ನನಗೇ ನಗು ತಡೆಯಲಾಗಲಿಲ್ಲ.

ಹಟ ಹಿಡಿದು ಕೂತೆ. ಒಂದೊಂದೇ ಎಸಳನ್ನು ಹಲಗೆಯ ಮೇಲೆ ಬರೆದ ಹಾಗೆ ಬೇರೆಬೇರೆಯಾಗಿ ಬರೆದೆ. ಒಂದು ಎಸಳಿಗೆ ಒಂದೆರಡು ದಿನ ಬೇಕಾಗುತ್ತಿತ್ತು. ಕೊನೆಯ ಎಸಳಿಗೆ ಬಂದಾಗ ಕಂಪ್ಯೂಟರಿನ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪುಟ ಸಿಕ್ಕಿತು. ಒಂದೇ ಎಸಳು ಬರೆದು ಎಷ್ಟು ಬೇಕೆಂದು ಹೇಳಿದರೆ ಸುತ್ತಲಿನದನ್ನೆಲ್ಲ ಯಂತ್ರವೇ ಕೂಡಿಸಿಕೊಡುತ್ತದಂತೆ! ಪುಸ್ತಕವನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಆಮೇಲೆ ಬಿಡುವಾದಾಗಲೆಲ್ಲ ಸಣ್ಣಸಣ್ಣ ಹೂವು ಮಾಡಿ ಆ ಆಟ ಆಡಿದೆ. ಬೆವರು ಸುರಿಸಿದ ದೊಡ್ಡ ನಕ್ಷೆಯನ್ನು ಮಾತ್ರ ಮುಟ್ಟಲಿಲ್ಲ. ಎಲ್ಲಿ ಕೆಡುತ್ತದೋ ಎಂಬ ಭಯ.

ನಕ್ಷೆ ಮುಗಿಯಿತು. ಕಾಗದಕ್ಕೆ ಇಳಿಸುವುದೊಂದು ಬಾಕಿ. ಸಾವ್ಕಾರರಿಗೆ ಯಂತ್ರದ ಹೊಟ್ಟೆಯ ಮೇಲೆ ನಂಬಿಕೆಯಿರಲಿಲ್ಲ. "ಒಳಗಿದ್ದದ್ದು ಕರೆಂಟ್ ತಿಂದ್ಬಿಡ್ತೈತಿ, ಕೈಯಾಗ ಹಿಡಿಯಾಕ ಬರುವಂಥಾದ್ದು ಇರ್ಲಿ" ಎಂದು ನಕ್ಷೆಯನ್ನು ಯಂತ್ರದಿಂದ ತೆಗೆಸಿ ಫ್ಲಾಪಿಯಲ್ಲೇ ಇಡಿಸಿದರು. ಆಗಿನ ಫ್ಲಾಪಿ ಅಂಗೈಯಗಲದ ತೆಳ್ಳನೆಯ ಕರಿ ಹಾಳೆ. ಒಂದು ಅಂಚಿನ ಹತ್ತಿರ ಕಿಟಕಿಯಂಥ ಸಂದಿ, ಅಲ್ಲಿ ಒಳಗಿನ ತಟ್ಟೆ ಕಾಣುತ್ತದೆ. ಅಲ್ಲಿಗೆ ಬೆರಳು ಕೂಡ ತಾಗಬಾರದು. ಹುಷಾರಿಗೆಂದು ನಾನು ಇನ್ನೊಂದು ನಕಲೂ ಮಾಡಿದೆ. ಎರಡನ್ನೂ ಸಾವ್ಕಾರರು ತಿಜೋರಿಯಲ್ಲಿಟ್ಟರು.

ಸಾಹೇಬರು ಬರುವ ಹಿಂದಿನ ದಿನ ಖಂಡೆ ಪೂಜೆ. ನಮ್ಮ ಕಡೆ ಮಹಾನವಮಿಗೆ ದುಡಿಯುವ ಹತ್ಯಾರಗಳಿಗೆಲ್ಲ ಪೂಜೆ, ಪೂಜೆಯಾದ ಮೇಲೆ ಅವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಕಾರ್ಖಾನೆಯ ಪೂಜೆ ಸಾವ್ಕಾರರ ತಾಯಿಯದು. ಎಲ್ಲರಿಗೂ ಅವರು ಅವ್ವಾರು. ಇಳಕಲ್ ಸೀರೆಯ ಸೆರಗು ಬಿಗಿದು, ಹಸಿ ವಿಭೂತಿಯ ಬಟ್ಟಲು ಹಿಡಿದು ಗರಗಸದಿಂದ ಶುರುಮಾಡಿ ಸುತ್ತಿಗೆ, ಉಳಿಗಳವರೆಗೆ ಬಂದರು. ಮಗ ಭಕ್ತಿಯಿಂದ ತಿಜೋರಿ ತೆರೆದು ಫ್ಲಾಪಿಗಳನ್ನೂ ಸಾಲಿಗೆ ಇಟ್ಟಿದ್ದರು. ನಾನು ಆರತಿಯ ತಾಟು ತರಲು ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಎರಡೂ ಫ್ಲಾಪಿಗಳ ಕಿಟಕಿಯ ಮೇಲೆ ಮೂರು ಬೆರಳಿನ ಅಚ್ಚುಕಟ್ಟಾದ ವಿಭೂತಿ, ನಡುವೆ ಕುಂಕುಮದ ಬೊಟ್ಟು.

"ಯವ್ವಾ! ಅಲ್ಯಾಕ ಹಚ್ಚಿದ್ರಿ?"

"ಅಯ್ಯ, ಹಣಿ ಅಲ್ಲೇ ಐತಲ್ಲವಾ. ಮತ್ತೆಲ್ಲಿ ಹಚ್ಚಲಿ?" ಎಂದರು ಅವ್ವಾರು.

ಬಟ್ಟೆಯಿಂದ ಒರೆಸಿದೆ, ಊದಿದೆ, ಯಂತ್ರಕ್ಕೆ ಹಾಕಿದೆ. ಕರಕರ ಎಂದು ಅರಚಿ ಓದಲಾರೆನೆಂದು ಹೇಳಿಬಿಟ್ಟಿತು. ನಕಲೂ ಅಷ್ಟೇ. ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ. ಸಾವ್ಕಾರರ ಮುಖ ಸುಣ್ಣ ಬಳಿದಂತಾಯಿತು.

"ಮತ್ತ ಮಾಡಾಕ ಬರೂದಿಲ್ಲೇನು?" ಅವ್ವಾರು ಕೇಳಿದರು.

"ಪೂಜಿ ಆಗೇತಲ್ಲಬೇ, ಇವತ್ತ ಹತ್ಯಾರ ಮುಟ್ಟೂದ ಹ್ಯಾಂಗ?" ಎಂದರು ಮಗ.

ಅವ್ವಾರು ನನ್ನ ಕಡೆ ನೋಡಿದರು. "ಈಕಿ ದುಡ್ಯಾಕತ್ತಿಲ್ಲೋ, ಕಲ್ಯಾಕತ್ತಾಳ. ಕಲಿಯಾಕ ಯಾವ ದೇವ್ರೂ ಬ್ಯಾಡ ಅನ್ನೂದಿಲ್ಲ. ಏಳವಾ, ಮಾರಿ ತೊಳ್ಕೊ."

ಮುಖ ತೊಳೆದು ಕೂತೆ. ಗರಗಸಗಳೆಲ್ಲ ಹೂ ಮುಡಿದು ಸುಮ್ಮನಿದ್ದವು. ಪರದೆಯ ಗೆರೆ ಒಂದಿಷ್ಟೂ ನಡುಗಲಿಲ್ಲ. ಈ ಸಲ ಅಳತೆ ಭಾಗಿಸಲಿಲ್ಲ. ಒಂದೇ ಎಸಳು ಬರೆದೆ, ನಿಧಾನವಾಗಿ, ಖರೆ ಅಳತೆಗೆ. ಹದಿನಾರು ಎಂದು ಒತ್ತಿ ಉಸಿರು ಹಿಡಿದೆ. ಒಂದರ ಪಕ್ಕ ಒಂದು ಎಸಳು ಮೂಡುತ್ತಾ ಮೂಡುತ್ತಾ ಹೂವು ಸುತ್ತು ಕೂಡಿಕೊಂಡಿತು. ಅಷ್ಟು ವಾರಗಳ ನಕ್ಷೆ ಸಂಜೆಯ ಬಸ್ಸಿಗೆ ಮೊದಲೇ ಮುಗಿದು, ಹೋದದ್ದಕ್ಕಿಂತ ಚೆಂದವಾಗಿತ್ತು. ಖುಷಿಗೆ ನಾನು ಆ ಖಾಲಿ ಕೋಣೆಯಲ್ಲಿ ಚಪ್ಪಾಳೆ ಹೊಡೆದೆ.

ಮರುದಿನ ಸಾಹೇಬರು ಬಂದರು. ಪ್ಲಾಟರು ಎಳೆದ ಹಾಳೆಯನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಕೊನೆಗೆ ಹಿಂದಿಯಲ್ಲಿ, ಹೂವು ಚೆನ್ನಾಗಿದೆ, ಆದರೆ ಎಸಳು ಇಪ್ಪತ್ತಾದರೆ ಇನ್ನೂ ತುಂಬಿ ಕಾಣುತ್ತದೆ, ಬದಲಾಯಿಸಿ ಮುಂಬೈಗೆ ಕಳಿಸಲು ಎಷ್ಟು ವಾರ ಬೇಕು ಎಂದರು. ಸಾವ್ಕಾರರ ಕೈ ಹಣೆಗೆ ಹೋಯಿತು.

"ಸಾಹೇಬ್ರಿಗೆ ಚಾ ಕೊಡಸ್ರಿ," ಎಂದು ನಾನು ಎದ್ದೆ.

ಎಸಳಿನ ಅಗಲ ತುಸು ಕಡಿಮೆ ಮಾಡಿದೆ, ಇಪ್ಪತ್ತು ಎಂದು ಒತ್ತಿದೆ. ಸಾಹೇಬರು ಚಹಾದ ಕಪ್ ಕೈಯಲ್ಲಿ ಹಿಡಿದುಕೊಂಡೇ ನನ್ನ ಹಿಂದೆ ಬಂದು ನಿಂತಿದ್ದರು. ಹೂವು ಕೂಡಿಕೊಂಡಾಗ ಅವರು ಕುಡಿಯುವುದನ್ನೇ ಮರೆತರು. ಈಕೆ ಎಷ್ಟು ವರ್ಷದಿಂದ ಕಂಪ್ಯೂಟರ್ ಮಾಡುತ್ತಾಳೆ ಎಂದು ಸಾವ್ಕಾರರನ್ನು ಕೇಳಿದರು.

ಸಾವ್ಕಾರರು ಬಾಗಿಲಿಗೆ ಹೋಗಿ ಗುಮಾಸ್ತನನ್ನು ಕೂಗಿದರು.

"ಹುಬ್ಬಳ್ಳಿಗೆ ಫೋನ್ ಹಚ್ಚಲೇ. ಆ ಹುಡುಗಗ ಬರೂದು ಬ್ಯಾಡ ಅಂತ ಹೇಳು. ನಮ್ಮ ಕಡೆ ಮನಷ್ಯಾರು ಅದಾರ ಅನ್ನು."